ಬರೀ ಹಸಿ ತರಕಾರಿ ತಿಂದು ನೋಡಿದ ಗಾಂಧೀಜಿಗೆ ಏನಾಯಿತು?

ಗಾಂಧೀಜಿಯ ಚಿತ್ರ ಹಾಕಿದ ಒಂದು ಸಂದೇಶ ಆಗಾಗ ವಾಟ್ಸಾಪ್‌ನಲ್ಲಿ ಸುತ್ತುತ್ತಿರುತ್ತದೆ. ಪದಗಳು ಪ್ರತಿ ಸಲ ಸ್ವಲ್ಪ ಬದಲಾದರೂ ಸಾರಾಂಶ ಒಂದೇ. ಒಲೆ ಹಚ್ಚುವುದೇ ರೋಗದ ಮೂಲ, ಬೇಯಿಸಿದ್ದರಲ್ಲಿ ಸತ್ವವೇ ಉಳಿಯುವುದಿಲ್ಲ, ಹಣ್ಣು ಮತ್ತು ಹಸಿ ತರಕಾರಿ ತಿಂದುಕೊಂಡಿದ್ದರೆ ಬಿಪಿ, ಶುಗರ್ ತಾವಾಗಿಯೇ ಹೋಗುತ್ತವೆ, ಗಾಂಧೀಜಿ ಜೀವನವಿಡೀ ಮಾಡಿದ್ದು ಇದನ್ನೇ. ನಮ್ಮ ದೊಡ್ಡಮ್ಮ ಇದನ್ನು ನಂಬಿ ಬಿಪಿ ಮಾತ್ರೆಯನ್ನು ಡಬ್ಬದಲ್ಲೇ ಬಿಟ್ಟು ಸೌತೆಕಾಯಿ, ಕ್ಯಾರೆಟ್ ತಿಂದುಕೊಂಡಿದ್ದರು. ಒಂದು ಬೆಳಿಗ್ಗೆ ತಲೆ ಸುತ್ತಿ ಬಚ್ಚಲುಮನೆಯ ಬಾಗಿಲು ಹಿಡಿದುಕೊಂಡ ಮೇಲೆಯೇ ಮನೆಯವರಿಗೆ ವಿಷಯ ಗೊತ್ತಾಗಿದ್ದು. ಬೈದದ್ದಕ್ಕೆ ಅವರು ಕೊಟ್ಟ ಉತ್ತರವೂ ಒಂದೇ, ಗಾಂಧೀಜಿಗಿಂತ ನೀವು ದೊಡ್ಡವರಾ?

ಖಂಡಿತ ಅಲ್ಲ. ಆದ್ದರಿಂದಲೇ ಗಾಂಧೀಜಿ ನಿಜಕ್ಕೂ ಏನು ತಿಂದರು, ಏನು ಬಿಟ್ಟರು, ಬಿಟ್ಟದ್ದನ್ನು ಮತ್ತೆ ಯಾಕೆ ಹಿಡಿದರು ಎಂದು ಹುಡುಕುತ್ತಾ ಕೂತೆವು. ಸಿಕ್ಕಿದ್ದು ಫಾರ್ವರ್ಡ್‌ನಲ್ಲಿರುವ ಮನುಷ್ಯನಲ್ಲ. ತನ್ನ ತಟ್ಟೆಯ ಮೇಲೆ 50 ವರ್ಷಕ್ಕೂ ಹೆಚ್ಚು ಕಾಲ ಪ್ರಯೋಗ ಮಾಡಿ, ಸೋತಾಗ ಸೋತೆ ಎಂದು ಪತ್ರಿಕೆಯಲ್ಲೇ ಬರೆದುಕೊಂಡ ಒಬ್ಬ ಹಟಮಾರಿ.

1869ರ ಅಕ್ಟೋಬರ್ 2ರಂದು ಪೋರಬಂದರಿನಲ್ಲಿ ಹುಟ್ಟಿದ ಮೋಹನದಾಸನ ಮನೆ ವೈಷ್ಣವರದು. ತಾಯಿ ಪುತಲೀಬಾಯಿ ವ್ರತ, ಉಪವಾಸಗಳಲ್ಲಿ ಬಹಳ ಕಟ್ಟುನಿಟ್ಟು. ಆದರೆ ಹುಡುಗ ಹುಟ್ಟಿನಿಂದಲೇ ಸಸ್ಯಾಹಾರದ ಭಕ್ತನೇನೂ ಆಗಿರಲಿಲ್ಲ. ಇಂಗ್ಲಿಷರು ಮಾಂಸ ತಿನ್ನುವುದರಿಂದಲೇ ಗಟ್ಟಿಯಾಗಿದ್ದಾರೆ, ನಮ್ಮನ್ನು ಆಳುತ್ತಿದ್ದಾರೆ ಎಂಬ ಮಾತು ಆಗಿನ ಗುಜರಾತಿನ ಹುಡುಗರ ಬಾಯಲ್ಲಿ ಓಡಾಡುತ್ತಿತ್ತು. ಅದೂ ಒಂದು ಥರದ ಫಾರ್ವರ್ಡೇ, ಮೊಬೈಲ್ ಮಾತ್ರ ಇರಲಿಲ್ಲ. ಗೆಳೆಯನೊಬ್ಬನ ಮಾತು ಕೇಳಿ ಮೋಹನದಾಸ ಹೊಳೆಯ ದಂಡೆಯಲ್ಲಿ ಕದ್ದು ಆಡಿನ ಮಾಂಸ ತಿಂದ. ಆ ರಾತ್ರಿ ಹೊಟ್ಟೆಯೊಳಗೆ ಆಡು ಅರಚಿದಂತಾಗಿ ನಿದ್ದೆ ಬರಲಿಲ್ಲ. ಆದರೂ ಸುಮಾರು ಒಂದು ವರ್ಷ ಅಲ್ಲೊಮ್ಮೆ ಇಲ್ಲೊಮ್ಮೆ ಇದು ನಡೆಯಿತು. ಕೊನೆಗೆ ನಿಲ್ಲಿಸಿದ್ದು ಆರೋಗ್ಯಕ್ಕಾಗಿ ಅಲ್ಲ, ಅಪ್ಪ ಅಮ್ಮನಿಗೆ ಸುಳ್ಳು ಹೇಳುವುದು ಸಹಿಸಲಾಗದೆ.

1888ರಲ್ಲಿ ಬ್ಯಾರಿಸ್ಟರ್ ಓದಿಗೆ ಲಂಡನ್‌ಗೆ ಹೊರಟಾಗ ತಾಯಿಯ ಮುಂದೆ ಪ್ರಮಾಣ ಮಾಡಬೇಕಾಯಿತು. ಮಾಂಸ ಮುಟ್ಟಬಾರದು, ಮದ್ಯ ಮುಟ್ಟಬಾರದು, ಪರಸ್ತ್ರೀಯರಿಂದ ದೂರ ಇರಬೇಕು. ಹೋದ ಹೊಸತರಲ್ಲಿ ಈ ಪ್ರಮಾಣ ಅವರನ್ನು ಹೆಚ್ಚುಕಡಿಮೆ ಉಪವಾಸ ಕೆಡವಿತು. ಬೆಳಿಗ್ಗೆ ಓಟ್ಸ್ ಗಂಜಿ ಹೊಟ್ಟೆ ತುಂಬುತ್ತಿತ್ತು. ಮಧ್ಯಾಹ್ನ, ರಾತ್ರಿ ಸಿಗುತ್ತಿದ್ದುದು ಉಪ್ಪು ಖಾರವಿಲ್ಲದೆ ಬೇಯಿಸಿದ ಪಾಲಕ್, ಬ್ರೆಡ್ಡು, ಜಾಮು. ಎರಡು ಮೂರು ತುಂಡಿಗಿಂತ ಹೆಚ್ಚು ಬ್ರೆಡ್ ಕೇಳಲು ನಾಚಿಕೆ. ಊರಿನಿಂದ ಬರುವ ಮಸಾಲೆ ಪೊಟ್ಟಣಗಳೇ ಗತಿ. ಹೊಟ್ಟೆ ತುಂಬಿಸುವ ಜಾಗ ಹುಡುಕುತ್ತಾ ದಿನಕ್ಕೆ ಹತ್ತು ಹನ್ನೆರಡು ಮೈಲಿ ನಡೆದ ಈ ಹುಡುಗನಿಗೆ ಕೊನೆಗೊಂದು ದಿನ ಫ್ಯಾರಿಂಗ್‌ಡನ್ ಬೀದಿಯಲ್ಲಿ ಸಸ್ಯಾಹಾರಿ ಹೋಟೆಲೊಂದು ಕಣ್ಣಿಗೆ ಬಿತ್ತು. ಇಂಗ್ಲೆಂಡಿಗೆ ಬಂದ ಮೇಲೆ ತೃಪ್ತಿಯಾಗಿ ಉಂಡ ಮೊದಲ ಊಟ ಅದು. ಅಲ್ಲಿಯೇ ಒಂದು ಶಿಲ್ಲಿಂಗ್ ಕೊಟ್ಟು ಹೆನ್ರಿ ಸಾಲ್ಟ್ ಎಂಬಾತ ಸಸ್ಯಾಹಾರದ ಪರವಾಗಿ ಬರೆದಿದ್ದ ಪುಸ್ತಕವನ್ನೂ ಕೊಂಡರು. ಅಲ್ಲಿಯವರೆಗೆ ಅಮ್ಮನಿಗೆ ಕೊಟ್ಟ ಮಾತಾಗಿದ್ದದ್ದು ಅಲ್ಲಿಂದ ಸ್ವಂತ ನಿರ್ಧಾರವಾಯಿತು.

ನಮಗೆ ಇಷ್ಟವಾದ ಭಾಗ ಇದರ ನಂತರದ್ದು. ಖರ್ಚು ಉಳಿಸಲು ಅವರು ಒಂದೇ ಕೋಣೆಯ ಬಾಡಿಗೆ ಮನೆ ಹಿಡಿದು, ಸ್ಟೌವ್ ಇಟ್ಟುಕೊಂಡು ಸ್ವಂತ ಅಡುಗೆ ಶುರು ಮಾಡಿದರು. ಬೆಳಿಗ್ಗೆ ಗಂಜಿ ಮತ್ತು ಕೋಕೋ, ಮಧ್ಯಾಹ್ನ ಹೊರಗೆ, ರಾತ್ರಿ ಬ್ರೆಡ್ ಮತ್ತು ಕೋಕೋ. ದಿನದ ಊಟದ ಖರ್ಚು ಒಂದು ಶಿಲ್ಲಿಂಗ್ ಮೂರು ಪೆನ್ಸ್‌ಗೆ ಇಳಿಯಿತು. ಊರಿನ ಮಸಾಲೆ ತರಿಸುವುದನ್ನೂ ನಿಲ್ಲಿಸಿದರು. ಆಗ ಒಂದು ವಿಚಿತ್ರ ನಡೆಯಿತು. ಹಿಂದೆ ಗಂಟಲಲ್ಲಿ ಇಳಿಯದಿದ್ದ ಅದೇ ಬೇಯಿಸಿದ ಪಾಲಕ್ ಈಗ ರುಚಿಸತೊಡಗಿತು. ರುಚಿ ಇರುವುದು ನಾಲಿಗೆಯಲ್ಲಲ್ಲ, ಮನಸ್ಸಿನಲ್ಲಿ ಎಂದು ಅವರು ತೀರ್ಮಾನಿಸಿದರು. ವಿಜ್ಞಾನ ಇದನ್ನು ಇನ್ನಷ್ಟು ಸರಳವಾಗಿ ಹೇಳುತ್ತದೆ. ಉಪ್ಪು ಕಡಿಮೆ ಮಾಡಿ ಕೆಲವು ವಾರ ಕಳೆದರೆ ನಾಲಿಗೆ ಅದಕ್ಕೆ ಒಗ್ಗಿಕೊಳ್ಳುತ್ತದೆ, ಹಿಂದಿನ ಅಳತೆಯ ಉಪ್ಪು ಹಾಕಿದರೆ ಜಾಸ್ತಿ ಅನ್ನಿಸುತ್ತದೆ. ಮನೆಯಲ್ಲಿ ಬಿಪಿ ಇರುವವರಿಗೆ ಸಪ್ಪೆ ಊಟ ಕೊಟ್ಟು ಮೊದಲ ದಿನದ ಗಲಾಟೆಗೇ ಸೋತವರು ಈ ಪಾಲಕ್ ಕಥೆ ನೆನಪಿಟ್ಟುಕೊಳ್ಳಬಹುದು.

ಲಂಡನ್ ಸಸ್ಯಾಹಾರಿ ಸಂಘದ ಕಾರ್ಯಕಾರಿ ಸಮಿತಿಗೂ ಅವರು ಸೇರಿದರು. ಸಭೆಯಲ್ಲಿ ಬಾಯಿ ಬಿಡಲು ಹೆದರುತ್ತಿದ್ದ ಈ ಯುವಕ ಸಂಘದ ವಾರಪತ್ರಿಕೆಗೆ 1891ರಲ್ಲಿ ಭಾರತದ ಸಸ್ಯಾಹಾರಿಗಳು, ಹಬ್ಬದ ಅಡುಗೆಗಳ ಬಗ್ಗೆ ಲೇಖನಗಳನ್ನು ಬರೆದರು. ದೇಶಕ್ಕೆ ಸ್ವಾತಂತ್ರ್ಯ ತಂದವರ ಮೊದಲ ಪ್ರಕಟಿತ ಬರಹಗಳು ಊಟದ ಬಗ್ಗೆ ಎಂಬುದು ಎಷ್ಟೋ ಜನಕ್ಕೆ ಗೊತ್ತಿರುವುದಿಲ್ಲ.

ಈಗ ಫಾರ್ವರ್ಡ್‌ನ ವಿಷಯಕ್ಕೆ ಬರೋಣ. ಗಾಂಧೀಜಿ ಬರೀ ಹಸಿ ಆಹಾರ ತಿಂದದ್ದು ನಿಜವೇ? ನಿಜ. ಒಂದಲ್ಲ, ಹಲವು ಸಲ.

ಮೊದಲ ಸಲ 1893ರಲ್ಲಿ, ದಕ್ಷಿಣ ಆಫ್ರಿಕಾದ ಪ್ರಿಟೋರಿಯಾದಲ್ಲಿ. ಬೆಂಕಿ ಸೋಕದ ಆಹಾರದಲ್ಲಿ ಮಾತ್ರ ಜೀವಸತ್ವವಿದೆ ಎಂಬ ವಾದ ಆಗಿನ ಇಂಗ್ಲೆಂಡಿನ ಸಸ್ಯಾಹಾರಿಗಳಲ್ಲಿ ಚಾಲ್ತಿಯಲ್ಲಿತ್ತು. 23 ವರ್ಷದ ವಕೀಲ ಅದನ್ನು ಪರೀಕ್ಷಿಸಲು ಹೊರಟರು. ನೆನೆಸಿದ ಗೋಧಿ, ಕಾಳು, ಒಣದ್ರಾಕ್ಷಿ, ಬೀಜಗಳು, ಕಿತ್ತಳೆ. ಏನು ತಿಂದೆ, ಎಷ್ಟು ತಿಂದೆ, ಹೇಗನ್ನಿಸಿತು ಎಂದು ಪ್ರತಿದಿನ ಬರೆದಿಟ್ಟರು. ಆಗಸ್ಟ್ ಕೊನೆಯಲ್ಲಿ ಶುರುವಾದದ್ದು ಎರಡು ವಾರವೂ ತುಂಬಲಿಲ್ಲ. ನಿಶ್ಶಕ್ತಿ, ಹಲ್ಲಿನ ತೊಂದರೆ, ಕೆಲಸದಲ್ಲಿ ಮನಸ್ಸು ನಿಲ್ಲದಿರುವುದು. ಕೈಬಿಟ್ಟರು. ಮುಂದಿನ ವರ್ಷ ಆ ದಿನಚರಿಯನ್ನು ಸಂಘದ ಪತ್ರಿಕೆಯಲ್ಲಿ ಸೋಲಿನ ಸಮೇತ ಅಚ್ಚು ಹಾಕಿಸಿದರು. ಇವತ್ತು ಏಳು ದಿನ ಹಸಿ ಊಟ ಮಾಡಿ ವಿಡಿಯೊ ಹಾಕುವವರಲ್ಲಿ ಎಂಟನೇ ದಿನದ ವಿಡಿಯೊ ಹಾಕುವವರು ಎಷ್ಟು ಮಂದಿ ಇದ್ದಾರೆ, ನೀವೇ ಯೋಚಿಸಿ.

ಯಾಕೆ ಹೀಗಾಯಿತು ಎಂಬುದಕ್ಕೆ ಉತ್ತರ ಕಷ್ಟದ್ದಲ್ಲ. ಗೋಧಿ, ಅಕ್ಕಿಯ ಪಿಷ್ಟವನ್ನು ನಮ್ಮ ಹೊಟ್ಟೆ ಹಸಿಯಾಗಿ ಸರಿಯಾಗಿ ಜೀರ್ಣಿಸಿಕೊಳ್ಳಲಾರದು, ಬೇಯಿಸಿದಾಗ ಅದು ಉಬ್ಬಿ ಮೆತ್ತಗಾಗುತ್ತದೆ. ಹಸಿ ಬೇಳೆಕಾಳುಗಳಲ್ಲಿ ಪ್ರೋಟೀನ್ ಜೀರ್ಣವಾಗುವುದನ್ನು ತಡೆಯುವ ಅಂಶಗಳಿವೆ. ಬಿಸಿಯಲ್ಲಿ ಅವು ನಾಶವಾಗುತ್ತವೆ, ಮೊಳಕೆ ಕಟ್ಟಿದಾಗ ಸ್ವಲ್ಪ ತಗ್ಗುತ್ತವೆ. ಕ್ಯಾರೆಟ್ಟಿನ ಬೀಟಾ ಕ್ಯಾರೊಟಿನ್ ಕೂಡ ಹಸಿ ತಿಂದಾಗ ಸಿಗುವುದಕ್ಕಿಂತ ಬೇಯಿಸಿ ಒಂದು ಚಮಚ ಎಣ್ಣೆಯಲ್ಲಿ ಒಗ್ಗರಣೆ ಹಾಕಿದಾಗ ದೇಹಕ್ಕೆ ಚೆನ್ನಾಗಿ ಸೇರುತ್ತದೆ. ಬೆಂಕಿಯಿಂದ ನಷ್ಟವೇ ಇಲ್ಲ ಎಂದಲ್ಲ. ವಿಟಮಿನ್ ಸಿ ಮತ್ತು ಫೋಲೇಟ್ ಶಾಖಕ್ಕೆ ಹಾಳಾಗುತ್ತವೆ, ಬೇಯಿಸಿದ ನೀರಿಗೂ ಇಳಿಯುತ್ತವೆ. ಸೊಪ್ಪು ಬೇಯಿಸಿದ ನೀರು ಚೆಲ್ಲಿದರೆ ಅರ್ಧ ಲಾಭ ಮೋರಿಗೆ. ಬಸ್ಸಾರು ಮಾಡುವವರಿಗೆ ಇದನ್ನು ಹೇಳಿಕೊಡಬೇಕಾಗಿಲ್ಲ. ಅಂದರೆ ಸ್ವಲ್ಪ ಹಸಿ, ಹೆಚ್ಚು ಬೇಯಿಸಿದ್ದು, ಎರಡೂ ಬೇಕು. ಗಾಂಧೀಜಿ ಈ ತೀರ್ಮಾನಕ್ಕೆ ಬರಲು ಇನ್ನೂ ಸುಮಾರು 50 ವರ್ಷ ತೆಗೆದುಕೊಂಡರು.

ಜೋಹಾನ್ಸ್‌ಬರ್ಗ್‌ನಲ್ಲಿ ವಕೀಲಿಕೆ ಚೆನ್ನಾಗಿ ನಡೆಯುತ್ತಿದ್ದಾಗ ಅವರು ಏಳು ಪೌಂಡ್ ಕೊಟ್ಟು ಕೈಯಿಂದ ತಿರುಗಿಸುವ ಹಿಟ್ಟಿನ ಯಂತ್ರ ತಂದರು. ಅದರ ಕಬ್ಬಿಣದ ಚಕ್ರ ಒಬ್ಬರಿಗೆ ಭಾರ, ಇಬ್ಬರಿಗೆ ಹಗುರ. ಗೆಳೆಯ ಪೋಲಾಕ್, ಗಾಂಧೀಜಿ, ಮಕ್ಕಳು ಸೇರಿ ಬೀಸುತ್ತಿದ್ದರು. ಹೊಟ್ಟು ತೆಗೆಯದ ಹಿಟ್ಟಿನಲ್ಲಿ ಮನೆಯಲ್ಲೇ ಬ್ರೆಡ್ ಆಗುತ್ತಿತ್ತು. ಅದೇ ಊರಿನಲ್ಲಿ ಒಂದು ಸಸ್ಯಾಹಾರಿ ಹೋಟೆಲಿಗೆ ಅವರು ಕಕ್ಷಿದಾರರೊಬ್ಬರ ಸಾವಿರ ಪೌಂಡ್ ಸಾಲವಾಗಿ ಕೊಡಿಸಿ ಕೈ ಸುಟ್ಟುಕೊಂಡರು. ಹೋಟೆಲ್ ಮುಳುಗಿತು, ದುಡ್ಡು ಬರಲಿಲ್ಲ, ಇವರೇ ಜೇಬಿನಿಂದ ತೀರಿಸಿದರು. ಒಳ್ಳೆಯ ಆಹಾರದ ಮೇಲಿನ ಪ್ರೀತಿ ಲೆಕ್ಕ ತಪ್ಪಿಸುತ್ತದೆ ಎಂಬುದಕ್ಕೆ ಇದಕ್ಕಿಂತ ದುಬಾರಿ ಉದಾಹರಣೆ ನಮಗೆ ಸಿಗಲಿಲ್ಲ.

ಮಗನ ಜ್ವರ, ಹೆಂಡತಿಯ ಕಾಯಿಲೆ

ಇಲ್ಲಿಂದ ಮುಂದೆ ಸ್ವಲ್ಪ ನಿಧಾನವಾಗಿ ಓದಿ. ಗಾಂಧೀಜಿ ಹೆಸರಿನಲ್ಲಿ ಬರುವ ಆರೋಗ್ಯದ ಸಂದೇಶಗಳ ಬೇರು ಇರುವುದು ಈ ಎರಡು ಘಟನೆಗಳಲ್ಲಿ.

1902ರಲ್ಲಿ ಮುಂಬೈಯಲ್ಲಿದ್ದಾಗ ಎರಡನೇ ಮಗ, 10 ವರ್ಷದ ಮಣಿಲಾಲನಿಗೆ ಟೈಫಾಯ್ಡ್ ಬಂತು. ಜೊತೆಗೆ ನ್ಯುಮೋನಿಯಾದ ಲಕ್ಷಣ, ರಾತ್ರಿ ಬಡಬಡಿಕೆ. ನೋಡಲು ಬಂದ ಪಾರ್ಸಿ ವೈದ್ಯರು ಮೊಟ್ಟೆ ಮತ್ತು ಕೋಳಿ ಸಾರು ಕೊಡಿ ಎಂದರು. ಗಾಂಧೀಜಿ ಒಪ್ಪಲಿಲ್ಲ. ಮಗನನ್ನು ಕೇಳಿದರು, ಅವನೂ ಬೇಡ ಎಂದ. ನಡುಸ್ನಾನ, ಮೂರು ದಿನ ನೀರು ಬೆರೆಸಿದ ಕಿತ್ತಳೆ ರಸ. ಜ್ವರ 104ಕ್ಕೆ ಏರಿತು. ಒಂದು ರಾತ್ರಿ ಒದ್ದೆ ಬಟ್ಟೆ ಸುತ್ತಿ ಮಲಗಿಸಿ, ಮಗನನ್ನು ಕಸ್ತೂರಬಾ ಕೈಗೆ ಒಪ್ಪಿಸಿ, ತಡೆಯಲಾರದೆ ಚೌಪಾಟಿಯ ಕಡೆ ನಡೆದುಹೋದರು. ಮಗ ಸತ್ತರೆ ಊರವರು ಏನೆನ್ನುತ್ತಾರೆ, ಅಣ್ಣ ಏನೆನ್ನುತ್ತಾರೆ, ಹೆತ್ತವರಿಗೆ ತಮ್ಮ ನಂಬಿಕೆಯನ್ನು ಮಗುವಿನ ಮೇಲೆ ಹೇರುವ ಹಕ್ಕಿದೆಯೇ ಎಂಬ ಪ್ರಶ್ನೆಗಳು ಅವರನ್ನು ತಿನ್ನುತ್ತಿದ್ದವು. ವಾಪಸ್ ಬಂದಾಗ ಹುಡುಗ ಬೆವರುತ್ತಿದ್ದ, ಜ್ವರ ಇಳಿಯುತ್ತಿತ್ತು. ಆಮೇಲೆ 40 ದಿನ ನೀರು ಬೆರೆಸಿದ ಹಾಲು, ಹಣ್ಣಿನ ರಸ ಕೊಟ್ಟು ಆರೈಕೆ ಮಾಡಿದರು. ಮಣಿಲಾಲ ಬದುಕಿದ.

ಇದನ್ನು ಕಿತ್ತಳೆ ರಸ ಟೈಫಾಯ್ಡ್ ಗೆದ್ದ ಕಥೆಯಾಗಿ ಹಂಚಬಹುದು, ಹಂಚುವವರೂ ಇದ್ದಾರೆ. ಆದರೆ ಗಾಂಧೀಜಿ ಸ್ವತಃ ಹಾಗೆ ಹೇಳಲಿಲ್ಲ. ಉಳಿಸಿದ್ದು ದೇವರೋ, ನೀರಿನ ಚಿಕಿತ್ಸೆಯೋ, ಪಥ್ಯವೋ, ಆರೈಕೆಯೋ ಯಾರು ಹೇಳಬಲ್ಲರು ಎಂಬ ಅನುಮಾನವನ್ನು ಆತ್ಮಕಥೆಯಲ್ಲಿ ಹಾಗೆಯೇ ಬಿಟ್ಟರು. ಇನ್ನೊಂದು ಮಾತನ್ನು ನಾವು ಸೇರಿಸುತ್ತೇವೆ. 1902ರಲ್ಲಿ ಟೈಫಾಯ್ಡ್‌ಗೆ ಔಷಧವೇ ಇರಲಿಲ್ಲ. ವೈದ್ಯರು ಹೇಳಿದ ಮೊಟ್ಟೆ, ಸಾರು ಶಕ್ತಿಗೆ ಅಷ್ಟೇ, ರೋಗಾಣುವನ್ನು ಕೊಲ್ಲಲು ಅಲ್ಲ. ಟೈಫಾಯ್ಡ್ ಮೇಲೆ ಚೆನ್ನಾಗಿ ಕೆಲಸ ಮಾಡಿದ ಮೊದಲ ಆಂಟಿಬಯಾಟಿಕ್ ಬಂದದ್ದು 1940ರ ದಶಕದ ಕೊನೆಯಲ್ಲಿ. ಅವತ್ತು ಗಾಂಧೀಜಿ ತಳ್ಳಿಹಾಕಿದ್ದು ಒಂದು ಸಾರನ್ನು. ಇವತ್ತು ಅದೇ ಕಥೆ ಹೇಳಿ ಜನ ತಳ್ಳಿಹಾಕುತ್ತಿರುವುದು ಜೀವ ಉಳಿಸುವ ಔಷಧವನ್ನು. ಬದುಕಿದ ಒಂದು ಮಗುವಿನ ಕಥೆ ಉಳಿಯುತ್ತದೆ, ಅದೇ ಕಾಲದಲ್ಲಿ ಅದೇ ಜ್ವರದಿಂದ ಸತ್ತ ಸಾವಿರಾರು ಮಕ್ಕಳ ಕಥೆ ಯಾರ ಗ್ರೂಪಿಗೂ ಬರುವುದಿಲ್ಲ.

ಕಸ್ತೂರಬಾ ಅವರದು ರಕ್ತಸ್ರಾವದ ತೊಂದರೆ. ಡರ್ಬನ್‌ನಲ್ಲಿ ಶಸ್ತ್ರಚಿಕಿತ್ಸೆ ಆಗಿತ್ತು, ಆದರೂ ಮತ್ತೆ ಮರುಕಳಿಸಿತು. ಉಪ್ಪು ಮತ್ತು ಬೇಳೆಕಾಳು ಬಿಡು ಎಂದು ಗಾಂಧೀಜಿ ಒತ್ತಾಯಿಸಿದರು. ನಿಮಗೇ ಯಾರಾದರೂ ಹೇಳಿದರೆ ನೀವು ಬಿಡುತ್ತೀರಾ ಎಂದು ಕಸ್ತೂರಬಾ ತಿರುಗಿ ಕೇಳಿದರು. ತಗೋ, ಒಂದು ವರ್ಷ ಬಿಟ್ಟೆ ಎಂದು ಗಾಂಧೀಜಿ ಅಲ್ಲೇ ಘೋಷಿಸಿಬಿಟ್ಟರು. ಕಸ್ತೂರಬಾ ಕಣ್ಣೀರಿಟ್ಟು ಮಾತು ಹಿಂದಕ್ಕೆ ತೆಗೆದುಕೊಳ್ಳಿ ಎಂದು ಬೇಡಿಕೊಂಡರೂ ಜಗ್ಗಲಿಲ್ಲ. ನಂತರ ಕಸ್ತೂರಬಾ ಚೇತರಿಸಿಕೊಂಡರು. ಪಥ್ಯದಿಂದಲೋ, ತಾನಾಗಿಯೋ ಹೇಳಲಾಗದು. ಉಪ್ಪು, ಬೇಳೆ ಬಿಟ್ಟರೆ ರಕ್ತಸ್ರಾವ ನಿಲ್ಲುತ್ತದೆ ಎನ್ನಲು ವೈದ್ಯಕೀಯ ಆಧಾರವಿಲ್ಲ. ಸಸ್ಯಾಹಾರಿಗಳಿಗೆ ಪ್ರೋಟೀನ್‌ನ ದೊಡ್ಡ ಮೂಲವೇ ಬೇಳೆಕಾಳು. ಆದ್ದರಿಂದ ರಕ್ತ ಕಡಿಮೆ ಇರುವ ಹೆಣ್ಣುಮಗಳಿಗೆ ಇಂಥ ಪಥ್ಯ ಇವತ್ತು ಯಾರೂ ಹೇಳಬಾರದು. ವರ್ಷಗಟ್ಟಲೆ ಉಪ್ಪಿಲ್ಲದೆ ಉಂಡ ಈ ಮನುಷ್ಯ 1930ರಲ್ಲಿ ದೇಶದ ಜನರ ಉಪ್ಪಿಗಾಗಿ ದಂಡಿಗೆ ನಡೆದರು ಎಂಬುದು ಬೇರೆ ಮಾತು.

ಹಾಲು ಬಿಟ್ಟದ್ದು, ಹಾಲು ಹಿಡಿದದ್ದು

1912ರಲ್ಲಿ ಟಾಲ್‌ಸ್ಟಾಯ್ ಫಾರ್ಮ್‌ನಲ್ಲಿ ಗಾಂಧೀಜಿ ಮತ್ತು ಗೆಳೆಯ ಕಾಲನ್‌ಬಾಕ್ ಹಾಲು ಬಿಟ್ಟರು. 1,100 ಎಕರೆಯ ಆ ತೋಟದಲ್ಲಿ ಕಿತ್ತಳೆ, ಏಪ್ರಿಕಾಟ್, ಪ್ಲಮ್ ಮರಗಳು ಬೇಕಾದಷ್ಟಿದ್ದವು. ಹಣ್ಣು, ಬೀಜ, ಕಡಲೆಕಾಯಿ, ಆಲಿವ್ ಎಣ್ಣೆ ಸಾಕು ಎನ್ನಿಸಿತು. ಮುಂದಿನ ವರ್ಷ ತಮ್ಮ ಪತ್ರಿಕೆ ಇಂಡಿಯನ್ ಒಪೀನಿಯನ್‌ನಲ್ಲಿ ಆರೋಗ್ಯದ ಬಗ್ಗೆ ಗುಜರಾತಿ ಲೇಖನಮಾಲೆ ಬರೆದು, ಹಾಲು ಬೇಡ ಎಂದು ಪ್ರತಿಪಾದಿಸಿದರು. ಅದು ಪುಸ್ತಕವಾಗಿ, ಇಂಗ್ಲಿಷಿಗೂ ಹೋಗಿ, ಅವರ ಅತಿ ಹೆಚ್ಚು ಓದಿಸಿಕೊಂಡ ಬರಹಗಳಲ್ಲಿ ಒಂದಾಯಿತು. ಅದನ್ನು ಓದಿ ಹಾಲು ಬಿಟ್ಟವರೂ ಇದ್ದರು.

1918ರಲ್ಲಿ ಖೇಡಾ ಜಿಲ್ಲೆಯಲ್ಲಿ ಊರೂರು ಸುತ್ತುತ್ತಿದ್ದಾಗ ಗಾಂಧೀಜಿಗೆ ಭೀಕರ ಆಮಶಂಕೆ ಬಂತು. ಬದುಕುವುದಿಲ್ಲ ಎಂದು ಅವರಿಗೇ ಅನ್ನಿಸುವಷ್ಟು. ತಿಂಗಳುಗಳಾದರೂ ದೇಹಕ್ಕೆ ಬಲ ಬರಲಿಲ್ಲ. ಮುಂಬೈಯ ಡಾಕ್ಟರ್ ದಲಾಲ್ ಹಾಲು ಕುಡಿಯದೆ ನಿಮ್ಮನ್ನು ಎಬ್ಬಿಸಲಾರೆ ಎಂದರು. ಇವರು ಪ್ರತಿಜ್ಞೆ ಮಾಡಿದ್ದೇನೆ ಎಂದರು. ಆಗ ಹಾಸಿಗೆಯ ಪಕ್ಕ ನಿಂತಿದ್ದ ಕಸ್ತೂರಬಾ ದಾರಿ ತೋರಿಸಿದರು. ಪ್ರತಿಜ್ಞೆ ಮಾಡುವಾಗ ನಿಮ್ಮ ಮನಸ್ಸಿನಲ್ಲಿದ್ದದ್ದು ಹಸು, ಎಮ್ಮೆ ಹಾಲು ತಾನೆ, ಆಡಿನ ಹಾಲಿಗೆ ಏನು ಅಡ್ಡಿ? ಗಾಂಧೀಜಿ ಮಣಿದರು. ಪ್ರತಿಜ್ಞೆಯ ಅಕ್ಷರ ಉಳಿಯಿತು, ಆತ್ಮ ಉಳಿಯಲಿಲ್ಲ ಎಂಬ ಕೊರಗು ಮಾತ್ರ ಅವರನ್ನು ಕೊನೆಯವರೆಗೂ ಬಿಡಲಿಲ್ಲ.

ಅದಾದ ಮೇಲೆ ಅವರು ಮಾಡಿದ್ದನ್ನು ನಾವು ನಮ್ಮ ಕೆಲಸದ ದೃಷ್ಟಿಯಿಂದ ಬಹಳ ದೊಡ್ಡದು ಎಂದುಕೊಳ್ಳುತ್ತೇವೆ. ತಮ್ಮ ಪುಸ್ತಕವನ್ನು ನಂಬಿ ಹಾಲು ಬಿಟ್ಟವರು, ಎಲ್ಲ ರೀತಿಯಲ್ಲೂ ಒಳ್ಳೆಯದಾಗುತ್ತಿದ್ದರೆ ಅಥವಾ ಅನುಭವಿ ವೈದ್ಯರು ಹೇಳಿದ್ದರೆ ಮಾತ್ರ ಮುಂದುವರಿಸಿ, ಇಲ್ಲವಾದರೆ ನಿಲ್ಲಿಸಿ ಎಂದು ಆತ್ಮಕಥೆಯಲ್ಲಿ ಕೇಳಿಕೊಂಡರು. ಹೆಚ್ಚು ಓದಿಸಿಕೊಂಡ ತನ್ನದೇ ಪುಸ್ತಕಕ್ಕೆ ಲೇಖಕನೇ ತಿದ್ದುಪಡಿ ಹಾಕುವುದು ಆಗಲೂ ಅಪರೂಪ, ಈಗಲೂ ಅಪರೂಪ. ಹಳೆಯ ಪುಸ್ತಕದ ಮಾತು ಇಂದಿಗೂ ಫಾರ್ವರ್ಡ್ ಆಗುತ್ತಿದೆ, ತಿದ್ದುಪಡಿ ಮಾತ್ರ ಯಾರ ಮೊಬೈಲಿಗೂ ಬಂದಿಲ್ಲ.

ಹಾಲಿಗೆ ಬದಲಾಗಿ ಗಿಡಮೂಲದ ಒಂದು ಆಹಾರ ಇದ್ದೇ ಇರಬೇಕು, ವಿಜ್ಞಾನಿಗಳು ಹುಡುಕಿಕೊಡಲಿ ಎಂದು ಅವರು ಕೊನೆಯವರೆಗೂ ಆಶಿಸುತ್ತಿದ್ದರು. ಹಣ್ಣು ತರಕಾರಿಯಲ್ಲಿ ಎಷ್ಟೋ ಪೋಷಕಾಂಶಗಳಿವೆ, ಆದರೆ ಎಲ್ಲವೂ ಇಲ್ಲ. ಅಲ್ಲಿ ಸಿಗದವುಗಳಲ್ಲಿ ಬಿ12 ಒಂದು. ರಕ್ತ ಮತ್ತು ನರಗಳಿಗೆ ಬೇಕಾದ ಈ ವಿಟಮಿನ್ ಹಾಲು, ಮೊಟ್ಟೆ, ಮೀನು, ಮಾಂಸದಲ್ಲಿ ಇರುತ್ತದೆ. ಯಾವ ಸೊಪ್ಪು, ಕಾಯಿ, ಹಣ್ಣಿನಿಂದಲೂ ಸಾಕಷ್ಟು ಸಿಗದು. ಅದನ್ನು ಮೊದಲ ಬಾರಿಗೆ ಬೇರ್ಪಡಿಸಿ ಗುರುತಿಸಿದ್ದು 1948ರಲ್ಲಿ, ಗಾಂಧೀಜಿ ತೀರಿಕೊಂಡ ಕೆಲವೇ ತಿಂಗಳಿಗೆ. ಹಾಲನ್ನೂ ಬಿಟ್ಟು ಪೂರ್ತಿ ಸಸ್ಯಾಹಾರಕ್ಕೆ ಹೋಗುವವರು ಇವತ್ತು ಬಿ12 ಮಾತ್ರೆ ಅಥವಾ ಅದನ್ನು ಸೇರಿಸಿದ ಆಹಾರ ತೆಗೆದುಕೊಳ್ಳಬೇಕು. ವೈದ್ಯರನ್ನು ಕೇಳಿ ಶುರು ಮಾಡಿದರೆ ಒಳ್ಳೆಯದು.

1924ರ ಜನವರಿಯಲ್ಲಿ ಯರವಡಾ ಜೈಲಿನಲ್ಲಿದ್ದಾಗ ಅವರಿಗೆ ಅಪೆಂಡಿಸೈಟಿಸ್ ಆಯಿತು. ಮಣ್ಣಿನ ಪಟ್ಟಿ, ನಡುಸ್ನಾನವೆಂದು ಕೂರಲಿಲ್ಲ. ಪುಣೆಯ ಸಸೂನ್ ಆಸ್ಪತ್ರೆಯಲ್ಲಿ ಬ್ರಿಟಿಷ್ ಸರ್ಜನ್ ಮ್ಯಾಡಕ್ ಅವರಿಂದ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡರು. ನಡುವೆ ಕರೆಂಟ್ ಹೋಗಿ ಲಾಟೀನು ಬೆಳಕಿನಲ್ಲಿ ಮುಗಿಸಬೇಕಾಯಿತು.

ಇನ್ನು ದೊಡ್ಡಮ್ಮನ ಬಿಪಿ. ಗಾಂಧೀಜಿಗೂ ಬಿಪಿ ಇತ್ತು, ಚೆನ್ನಾಗಿಯೇ ಇತ್ತು. 1927ರ ಮಾರ್ಚ್‌ನಲ್ಲಿ ಪ್ರವಾಸದ ನಡುವೆ ಕೊಲ್ಹಾಪುರದಲ್ಲಿ ಕುಸಿದರು. ರಕ್ತದೊತ್ತಡ ವಿಪರೀತ ಏರಿತ್ತು, ವೈದ್ಯರು ಸಂಪೂರ್ಣ ವಿಶ್ರಾಂತಿ ಎಂದರು. ಆ ವಿಶ್ರಾಂತಿಗೆ ಆಯ್ಕೆಯಾದದ್ದು ನಮ್ಮ ನಂದಿ ಬೆಟ್ಟ. ಏಪ್ರಿಲ್‌ನಿಂದ ಜೂನ್ ಮೊದಲ ವಾರದವರೆಗೆ ಅಲ್ಲಿದ್ದು, ನಂತರ ಬೆಂಗಳೂರಿನ ಕುಮಾರ ಪಾರ್ಕ್‌ಗೆ ಬಂದರು. ಹಸುವಿನ ಹಾಲು ಕುಡಿಯದ ಮನುಷ್ಯ ಅಲ್ಲಿನ ಇಂಪೀರಿಯಲ್ ಡೈರಿಗೆ ಹೋಗಿ ದನ ಸಾಕುವುದನ್ನು ಶ್ರದ್ಧೆಯಿಂದ ಕಲಿತರು. ಮಾಂಸವಿಲ್ಲ, ಮದ್ಯವಿಲ್ಲ, ಹೊಗೆಯಿಲ್ಲ, ಬೊಜ್ಜಿಲ್ಲ, ದಿನಾ ಮೈಲಿಗಟ್ಟಲೆ ನಡಿಗೆ, ತಟ್ಟೆ ತುಂಬ ಹಣ್ಣು ತರಕಾರಿ. ಆದರೂ ಬಿಪಿ ಕೊನೆಯವರೆಗೂ ಕಾಡಿತು. ಹಣ್ಣು ತರಕಾರಿ ಹೆಚ್ಚು, ಉಪ್ಪು ಕಡಿಮೆ ಇರುವ ಊಟ ರಕ್ತದೊತ್ತಡ ಇಳಿಸಲು ಸಹಾಯ ಮಾಡುತ್ತದೆ ಎಂಬುದು ನಿಜ. ಮಾತ್ರೆ ನಿಲ್ಲಿಸಬಹುದು ಎಂಬುದು ಅದರಿಂದ ಹುಟ್ಟುವುದಿಲ್ಲ.

ಇಷ್ಟೆಲ್ಲ ಆದ ಮೇಲೂ 1929ರಲ್ಲಿ ಅವರು ಮತ್ತೆ ಹಸಿ ಆಹಾರಕ್ಕೆ ಕೈ ಹಾಕಿದರು. ಆಶ್ರಮದವರು ಕೆಲವರು ಜೊತೆಯಾದರು. ಮೊಳಕೆ ಗೋಧಿ, ಸೊಪ್ಪು, ತೆಂಗಿನಕಾಯಿ, ಒಣದ್ರಾಕ್ಷಿ, ನಿಂಬೆ. ಯಂಗ್ ಇಂಡಿಯಾದಲ್ಲಿ ಓದುಗರಿಗೆ ವರದಿ. ಕೆಲವು ತಿಂಗಳಲ್ಲಿ ತೂಕ ಇಳಿಯಿತು, ಆಮಶಂಕೆ ಬಂತು, ಆಡಿನ ಹಾಲಿಗೆ ಮರಳಿದರು. ಸೋಲನ್ನೂ ಅದೇ ಪತ್ರಿಕೆಯಲ್ಲಿ ಬರೆದರು. ನಿಮಗೆ ಬರುವ ಫಾರ್ವರ್ಡ್‌ನಲ್ಲಿ ಇರುವುದು ಈ ಪ್ರಯೋಗದ ಮೊದಲರ್ಧ.

ಹಾಗಾದರೆ ಅವರ ಊಟದಲ್ಲಿ ಉಳಿದು ಬಾಳಿದ್ದು ಯಾವುದು? ನಮ್ಮ ಪ್ರಕಾರ ವಾರ್ಧಾದಲ್ಲಿ ಮಾಡಿದ ಸಾದಾ ಕೆಲಸ. 1934ರ ಕೊನೆಯಲ್ಲಿ ಗ್ರಾಮೋದ್ಯೋಗ ಸಂಘ ಶುರುವಾದ ಮೇಲೆ ಅವರು ಪಾಲಿಶ್ ಅಕ್ಕಿಯ ವಿರುದ್ಧ ನಿಂತರು. ಮಿಲ್ಲಿನಲ್ಲಿ ತೌಡು ಪೂರ್ತಿ ಹೋದರೆ ಅದರ ಜೊತೆ ಬಿ1 ವಿಟಮಿನ್ ಹೋಗುತ್ತದೆ, ಬರೀ ಅಂಥ ಅನ್ನವನ್ನೇ ಉಣ್ಣುವ ಬಡವರಿಗೆ ಬೆರಿಬೆರಿ ಬರುತ್ತದೆ. ಇದು ಆಗಲೇ ವಿಜ್ಞಾನ ಒಪ್ಪಿದ್ದ ವಿಷಯ. ಕರಾವಳಿಯ ಕುಚ್ಚಲಕ್ಕಿಯಲ್ಲಿ ಭತ್ತವನ್ನು ಮೊದಲೇ ಬೇಯಿಸುವುದರಿಂದ ಈ ವಿಟಮಿನ್‌ನ ಒಂದು ಪಾಲು ಅಕ್ಕಿಯ ಒಳಕ್ಕೇ ಇಳಿದು ಉಳಿಯುತ್ತದೆ.

ಸೊಪ್ಪಿನ ವಿಷಯದಲ್ಲಿ ಅವರು 1935ರಲ್ಲಿ ಹರಿಜನ ಪತ್ರಿಕೆಯಲ್ಲಿ ಬರೆದದ್ದು ಇಂದಿಗೂ ಓದಬೇಕಾದದ್ದು. ಹಳ್ಳಿಯ ಸುತ್ತ ಕಾಸು ಕೊಡದೆ ಸಿಗುವ ಸೊಪ್ಪನ್ನು ಜನ ಕಳೆಯೆಂದು ಬಿಡುತ್ತಾರೆ, ಮೂಲಂಗಿ, ಕ್ಯಾರೆಟ್ಟಿನ ಎಲೆಯನ್ನು ಎಸೆಯುತ್ತಾರೆ. ಅವನ್ನು ತಾವೇ ತಿಂದು ನೋಡಿ, ಒಗ್ಗಿದವನ್ನು ಹೆಸರಿಸಿ, ದಿನಾ ಸ್ವಲ್ಪವಾದರೂ ತಟ್ಟೆಗೆ ಬರಲಿ ಎಂದರು. ರುಚಿಯಲ್ಲಿ ಮಾತ್ರ ಆಶ್ರಮದ ಅಡುಗೆಗೆ ಹೊಗಳಿಕೆ ಕಡಿಮೆ. ಬೇವಿನ ಚಟ್ನಿ ಎಂದರೆ ಅತಿಥಿಗಳು ಹೆದರುತ್ತಿದ್ದರು. 1942ರಲ್ಲಿ ಸೇವಾಗ್ರಾಮದಲ್ಲಿ ಒಂದು ವಾರ ಉಳಿದ ಅಮೆರಿಕದ ಪತ್ರಕರ್ತ ಲೂಯಿ ಫಿಷರ್, ಹೊತ್ತುಹೊತ್ತಿಗೂ ಅದೇ ಬೇಯಿಸಿದ ಸೊಪ್ಪು ನೋಡಿ ಕೈ ಚೆಲ್ಲಿದರು. ಉಪ್ಪು ಮತ್ತು ನಿಂಬೆ ಹಿಂಡಿಕೊಳ್ಳಿ ಎಂದು ಗಾಂಧೀಜಿ ಸಲಹೆ ಕೊಟ್ಟರು. ಒಳ್ಳೆಯ ಸಲಹೆಯೇ. ನಿಂಬೆಯ ವಿಟಮಿನ್ ಸಿ ಸೊಪ್ಪಿನ ಕಬ್ಬಿಣವನ್ನು ದೇಹ ಹೀರಿಕೊಳ್ಳಲು ನೆರವಾಗುತ್ತದೆ. ಒಲೆಯಿಂದ ಇಳಿಸಿದ ಮೇಲೆ ಹಿಂಡಿ, ಕುದಿಯುವಾಗ ಅಲ್ಲ.

1942ರ ಆಗಸ್ಟ್‌ನಲ್ಲಿ ಬಂಧನವಾಗಿ ಪುಣೆಯ ಆಗಾ ಖಾನ್ ಅರಮನೆಯಲ್ಲಿದ್ದಾಗ ಅವರು ಹಳೆಯ ಆರೋಗ್ಯ ಪುಸ್ತಕವನ್ನು ಹೊಸದಾಗಿ ಬರೆದು ಡಿಸೆಂಬರ್‌ನಲ್ಲಿ ಮುಗಿಸಿದರು. ಕೂತು ಕೆಲಸ ಮಾಡುವವರ ದಿನದ ಊಟಕ್ಕೆ ಅದರಲ್ಲಿ ಔನ್ಸ್ ಲೆಕ್ಕದ ಪಟ್ಟಿಯಿದೆ. ಗ್ರಾಮಿಗೆ ತಿರುಗಿಸಿದರೆ ಧಾನ್ಯ ಸುಮಾರು 170, ಸೊಪ್ಪು 85, ಬೇರೆ ತರಕಾರಿ 140, ಹಸಿ ತರಕಾರಿ 28, ತುಪ್ಪ 42, ಬೆಲ್ಲ ಅಥವಾ ಸಕ್ಕರೆ 42, ಹಾಲು ಹೆಚ್ಚುಕಡಿಮೆ 900. ಜೊತೆಗೆ ಎರಡು ನಿಂಬೆಹಣ್ಣು, ಜೇಬಿಗೆ ಎಟುಕುವಷ್ಟು ಹಣ್ಣು. ಗಮನಿಸಿ, ಹಸಿಯಾಗಿ ತಿನ್ನಬೇಕಾದದ್ದು 28 ಗ್ರಾಂ, ಅಂದರೆ ಒಂದು ಹಿಡಿ ಕೋಸಂಬರಿ.

ಈ ಪಟ್ಟಿಯನ್ನೂ ಕಣ್ಣು ಮುಚ್ಚಿ ಫಾರ್ವರ್ಡ್ ಮಾಡಬೇಡಿ. ತರಕಾರಿ ಒಟ್ಟು 250 ಗ್ರಾಂ ಆಗುತ್ತದೆ. ಹಣ್ಣು ಸೇರಿ ಕನಿಷ್ಠ 400 ಗ್ರಾಂ ಇರಲಿ ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ, ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆ ಇನ್ನೂ ಸ್ವಲ್ಪ ಹೆಚ್ಚು ಹೇಳುತ್ತದೆ. ತುಪ್ಪ ಇವತ್ತಿನ ಅಳತೆಗೆ ಜಾಸ್ತಿ, ಬೇಳೆಕಾಳಿಗೆ ಪಟ್ಟಿಯಲ್ಲಿ ಜಾಗವೇ ಇಲ್ಲ. ಬೆಲ್ಲದಲ್ಲಿ ಖನಿಜಾಂಶ ಚೂರು ಹೆಚ್ಚಿರಬಹುದು, ಆದರೆ ಅದರ ಬಹುಪಾಲು ಸಕ್ಕರೆಯೇ. ಶುಗರ್ ಇರುವವರ ರಕ್ತಕ್ಕೆ ಬೆಲ್ಲ, ಸಕ್ಕರೆ ಎಂಬ ಭೇದ ಗೊತ್ತಾಗುವುದಿಲ್ಲ.

ದೊಡ್ಡಮ್ಮನಿಗೆ ಇದನ್ನೆಲ್ಲ ಓದಿ ಹೇಳಿದೆವು. ಮಾತ್ರೆ ಮತ್ತೆ ಶುರುವಾಗಿದೆ, ಸಂಜೆಯ ಸೌತೆಕಾಯಿಯೂ ನಿಂತಿಲ್ಲ. ಅವರು ಕೇಳಿದ್ದು ಒಂದೇ ಪ್ರಶ್ನೆ, ಕೊನೆಗೆ ಗಾಂಧೀಜಿ ಏನು ಊಟ ಮಾಡಿದರು?

1948ರ ಜನವರಿ 30, ದಿಲ್ಲಿಯ ಬಿರ್ಲಾ ಭವನ. ಸಂಜೆ ನಾಲ್ಕೂವರೆ ಹೊತ್ತಿಗೆ ಆಭಾ ತಟ್ಟೆ ತಂದಿಟ್ಟರು. ಆಡಿನ ಹಾಲು, ಬೇಯಿಸಿದ ತರಕಾರಿ, ಹಸಿ ತರಕಾರಿ, ಕಿತ್ತಳೆ, ಶುಂಠಿ ಮತ್ತು ನಿಂಬೆ ಸೇರಿಸಿದ ಒಂದು ಕಷಾಯ. ವಲ್ಲಭಭಾಯಿ ಪಟೇಲರ ಜೊತೆ ಮಾತನಾಡುತ್ತಲೇ ಊಟ ಮುಗಿಸಿದರು. ಮಾತು ಬೆಳೆದು ಪ್ರಾರ್ಥನೆಗೆ ಹತ್ತು ನಿಮಿಷ ತಡವಾಗಿತ್ತು. ಎದ್ದು ಹುಲ್ಲುಹಾಸಿನ ಕಡೆ ಬೇಗಬೇಗ ನಡೆದರು.